ಮೂವತ್ತೆಂಟರ ಪಾಲುದಾರರು

ಮುದ್ದುವಿಗೆ ಗಣಿತದಲ್ಲಿ ನೂರಕ್ಕೆ ಹತ್ತೊಂಬತ್ತು ಬಂದ ಸಂಜೆ, ಮನೆಯಲ್ಲಿ ತಪ್ಪಿತಸ್ಥರ ಪಟ್ಟಿ ಸಿದ್ಧವಾಗಲು ಹತ್ತು ನಿಮಿಷವೂ ಹಿಡಿಯಲಿಲ್ಲ.

"ಆ ಕಿಟಕಿ ಪಕ್ಕದ ಬೆಂಚು," ಎಂದಳು ಅಮ್ಮ, ಹೊಲಿಗೆ ಮಿಷನ್ನಿನಿಂದ ತಲೆ ಎತ್ತದೆ. "ಬಿಸಿಲು ಕಣ್ಣಿಗೆ ಹೊಡೆಯುತ್ತೆ, ಜಾಗ ಬದಲಾಯಿಸಿ ಅಂತ ಎಷ್ಟು ಸಲ ಹೇಳಿ ಕಳಿಸಿದ್ದೆ."

"ಪೇಪರೇ ಕಷ್ಟ ಇತ್ತು," ಎಂದಳು ಮುದ್ದು. "ಆ ಮೇಡಂಗೆ ನನ್ನ ಕಂಡ್ರೆ ಮೊದಲಿಂದಾನೂ ಆಗಲ್ಲ."

"ಪರೀಕ್ಷೆ ಮುಂಚೆ ಜ್ವರ ಬೇರೆ ಬಂದಿತ್ತು, ಪಾಪ," ಎಂದ ಅಪ್ಪ.

"ಅದು ಹೋದ ವರ್ಷ ಕಣೋ," ಎಂದಳು ಅಜ್ಜಿ.

"ಬಂದಿತ್ತೋ ಇಲ್ವೋ ಹೇಳು."

ಪಟ್ಟಿಯಲ್ಲಿ ಕಿಟಕಿ ಸೇರಿತು, ಬಿಸಿಲು ಸೇರಿತು, ಮೇಡಂ ಸೇರಿದರು, ಹೋದ ವರ್ಷದ ಜ್ವರವೂ ಮರುಕಳಿಸಿ ಸೇರಿಕೊಂಡಿತು. ಮುದ್ದು ಒಬ್ಬಳನ್ನು ಬಿಟ್ಟು ಊರಿಗೆ ಊರೇ ಹಾಜರಿತ್ತು.

ಅಮ್ಮ ಮನೆಯಲ್ಲೇ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದುದರಿಂದ ಬೀದಿಗೆಲ್ಲ ಅವಳು ಟೈಲರಮ್ಮ. ಅಪ್ಪ ಲಿಫ್ಟ್ ರಿಪೇರಿಯವನು. ಹೆಂಡತಿ ಟೈಲರಮ್ಮ ಆದ ಮೇಲೆ ಗಂಡ ಬರಿಗೈಯಲ್ಲಿ ಇರಬಾರದೆಂದು ಬೀದಿಯವರು ಅವನಿಗೆ ಲಿಫ್ಟಪ್ಪ ಎಂದು ಹೆಸರಿಟ್ಟಿದ್ದರು. ಅಜ್ಜಿ ಅವನ ತಾಯಿ. ಯಾರ ದನಿಯನ್ನಾದರೂ ಒಮ್ಮೆ ಕೇಳಿದರೆ ಸಾಕು, ಮರುದಿನ ಆ ದನಿ ಅಡಿಗೆಮನೆಯಿಂದ ಬರುತ್ತಿತ್ತು. ಗ್ಯಾಸಿನವನು ಬಂದನೆಂದು ಟೈಲರಮ್ಮ ಎಷ್ಟೋ ಸಲ ಬಾಗಿಲು ತೆರೆದು ಬೆಪ್ಪಾಗಿದ್ದಳು.

ಊಟದ ಮೇಜಿನ ಇನ್ನೊಂದು ತುದಿಯಲ್ಲಿ ಲಿಫ್ಟಪ್ಪನ ತಂಗಿಯ ಮಗಳು ಬಟಾಣಿ ಸುಲಿಯುತ್ತ ಕೂತಿದ್ದಳು. ಅವಳ ತಾಯಿ ನರ್ಸು. ದೊಡ್ಡ ನರ್ಸಾಗಲು ಇನ್ನೊಂದು ಊರಿನ ಆಸ್ಪತ್ರೆಯಲ್ಲಿ ಎರಡು ವರ್ಷದ ತರಬೇತಿಗೆ ಹೋಗುವಾಗ ಮಗಳನ್ನು ಅಣ್ಣನ ಮನೆಯಲ್ಲಿ ಬಿಟ್ಟು ಒಂದು ವರ್ಷವಾಗಿತ್ತು. ಹುಡುಗಿ ಸಣ್ಣಗೆ, ನೆಟ್ಟಗೆ, ಜುಟ್ಟಿನಲ್ಲಿ ಸದಾ ಒಂದು ಪೆನ್ಸಿಲ್ ಸಿಕ್ಕಿಸಿಕೊಂಡಿರುತ್ತಿದ್ದಳು. ಮುದ್ದು ಅವಳಿಗೆ ಪೆನ್ಸಿಲ್ ಎಂದೇ ಹೆಸರಿಟ್ಟಳು. ಅಣಕಕ್ಕೆ ಇಟ್ಟದ್ದು, ಆದರೆ ಹುಡುಗಿ 'ಚೆನ್ನಾಗಿದೆ ಅಕ್ಕ' ಎಂದು ಇಟ್ಟುಕೊಂಡುಬಿಟ್ಟಳು. ಮುದ್ದುವಿಗೆ ಅದೂ ಒಂದು ಸಿಟ್ಟು.

"ನಿನಗೆಷ್ಟು ಬಂತೇ?" ಲಿಫ್ಟಪ್ಪ ಕೇಳಿದ.

"ತೊಂಬತ್ತೊಂದು ಮಾವ."

"ಒಂಬತ್ತು ಎಲ್ಲಿ ಹೋಯ್ತು?"

"ಐದು ಆತುರಕ್ಕೆ ಹೋಯ್ತು. ನಾಲ್ಕು ನನಗೆ ಬರ್ತಾನೇ ಇರಲಿಲ್ಲ."

ಮಿಷನ್ನು ನಿಂತಿತು. "ಎಂಟನೇ ಕ್ಲಾಸಿನ ಪೇಪರು," ಎಂದಳು ಟೈಲರಮ್ಮ. "ಅದನ್ನ ಯಾರು ಬೇಕಾದ್ರೂ ಬರೀಬಹುದು."

ಹಾಗೆಂದು ನಾಲಿಗೆ ಕಚ್ಚಿಕೊಂಡಳು. ಏಕೆಂದರೆ ಅಂಕಪಟ್ಟಿಗೆ ಪಿನ್ ಹಾಕಿದ್ದ ಚೀಟಿ ಎಂಟನೆಯ ತರಗತಿಯ ಮಾತನ್ನೇ ಆಡುತ್ತಿತ್ತು. ಆರು ವಾರದ ನಂತರ ಗಣಿತದ ಮರುಪರೀಕ್ಷೆ. ಮೂವತ್ತೈದು ಬಂದರೆ ಒಂಬತ್ತರಲ್ಲೇ ಮುಂದುವರಿಕೆ. ಬಾರದಿದ್ದರೆ ವರ್ಷದ ಉಳಿದರ್ಧಕ್ಕೆ ಎಂಟಕ್ಕೆ ಇಳಿಸಲಾಗುವುದು. ಆ ಶಾಲೆಯಲ್ಲಿ ಎಂಟನೆಯ ತರಗತಿ ಎಂದರೆ ಒಂದೇ ಕೋಣೆ. ಅದರ ಮುಂದಿನ ಬೆಂಚಿನಲ್ಲಿ ಪೆನ್ಸಿಲ್ ಕೂರುತ್ತಿದ್ದಳು.

ಅಜ್ಜಿ ಲಿಫ್ಟಿನೊಳಗೆ ಮಾತಾಡುವ ಹೆಂಗಸಿನ ದನಿ ತೆಗೆದಳು: "ಕೆಳಗೆ ಹೋಗುತ್ತಿದೆ. ದಯವಿಟ್ಟು ಬಾಗಿಲಿನಿಂದ ದೂರ ನಿಲ್ಲಿ."

ಯಾರೂ ನಗಲಿಲ್ಲ.

"ಅವಳ ಪಕ್ಕ ಕೂತ್ಕೊಳ್ಳೋದಾದ್ರೆ ನಾನು ಶಾಲೆಗೇ ಹೋಗಲ್ಲ," ಎಂದು ಮುದ್ದು ತಟ್ಟೆ ಸರಿಸಿದಳು. "ಅವಳು 'ಅಕ್ಕ, ರಬ್ಬರ್ ಬೇಕಾ' ಅಂತ ಕೇಳ್ತಾಳೆ. ಕೇಳೇ ಕೇಳ್ತಾಳೆ. ನಂಗೊತ್ತು."

"ರಬ್ಬರ್ ಕೇಳಿದ್ರೆ ಕೊಡ್ತೀನಿ," ಎಂದಳು ಪೆನ್ಸಿಲ್. "ಕೇಳದೆ ಯಾಕೆ ಕೊಡ್ಲಿ?"

ಮರುದಿನ ಗಣಿತದ ಮೇಡಂ ತಾಯಿ-ಮಗಳಿಬ್ಬರನ್ನೂ ಕರೆಸಿದರು. ಅಜ್ಜಿಯೂ ಹಿಂದೆಯೇ ಹೊರಟಳು. ಟೈಲರಮ್ಮ ಅಳತೆಯ ಟೇಪನ್ನು ಕೊರಳಿಂದ ತೆಗೆಯಲು ಮರೆತೇ ಹೊರಟಿದ್ದಳು.

"ಎ ಪ್ಲಸ್ ಬಿ ಹೋಲ್ ಸ್ಕ್ವೇರ್ ಹೇಳಮ್ಮ," ಎಂದರು ಮೇಡಂ, ಮುದ್ದುವಿನ ಕಡೆ ತಿರುಗಿ.

ಮುದ್ದು ಅಮ್ಮನ ಕಡೆ ನೋಡಿದಳು.

"ಎ ಸ್ಕ್ವೇರ್ ಪ್ಲಸ್ ಟೂ ಎ ಬಿ ಪ್ಲಸ್ ಬಿ ಸ್ಕ್ವೇರ್," ಎಂದಳು ಟೈಲರಮ್ಮ.

ಮೇಡಂ ಕನ್ನಡಕ ಸರಿಮಾಡಿಕೊಂಡರು. "ತ್ರಿಕೋನದಲ್ಲಿ ಎರಡು ಕೋನ ನಲವತ್ತೈದು, ಅರವತ್ತು. ಮೂರನೇದು?"

"ಎಪ್ಪತ್ತೈದು," ಎಂದಳು ಟೈಲರಮ್ಮ. "ಮೇಡಂ, ಇವಳಿಗೆ ಎಲ್ಲಾ ಗೊತ್ತು. ಹೇಳೋಕೆ ನಾಚಿಕೆ."

ಮೇಡಂ ಮುದ್ದುವಿನ ಹೋಂವರ್ಕ್ ಪುಸ್ತಕ ತೆಗೆದು, ಒಂದು ಪುಟ ಬೆಳಕಿಗೆ ಹಿಡಿದರು. ಏಳು ಎಂಬ ಅಂಕಿಗೆಲ್ಲ ನಡುವೆ ಸಣ್ಣ ಅಡ್ಡಗೆರೆ. ಟೈಲರಮ್ಮನ ಟೇಪಿಗೆ ಅಂಟಿಸಿದ್ದ ಅಳತೆ ಚೀಟಿಯಲ್ಲೂ ಏಳಿಗೆ ಅದೇ ಅಡ್ಡಗೆರೆ.

"ನೀವು ಪಾಸಾಗ್ತೀರಿ ಅಮ್ಮ," ಎಂದರು ಮೇಡಂ. "ಅದರಲ್ಲಿ ನನಗೆ ಅನುಮಾನ ಇಲ್ಲ."

ಅಂದು ಸಂಜೆ ಅಡಿಗೆಮನೆಯಿಂದ ಮೇಡಂ ದನಿ ಬಂತು. 'ನೀವು ಪಾಸಾಗ್ತೀರಿ ಅಮ್ಮ.' ಟೈಲರಮ್ಮ ಪಾತ್ರೆ ಕುಕ್ಕಿದಳು. "ಅತ್ತೆ, ನಿಮಗೆ ಮಗಳ ಮಗಳು ಓದಿದ್ರೆ ಸಾಕು. ಮಗನ ಮಗಳು ಮುಳುಗಿದ್ರೂ ನಗು."

"ನಾನು ಎರಡೂ ಕಡೆಗೆ ನಗ್ತೀನಿ ಕಣಮ್ಮ," ಎಂದಳು ಅಜ್ಜಿ. "ಹಲ್ಲಿಲ್ಲದ ಬಾಯಿ, ಪಕ್ಷಪಾತ ಮಾಡಲ್ಲ."

ಆ ಮನೆಯಲ್ಲಿ ಮುದ್ದುವನ್ನು ಶಾಲೆಗೆ ಕಳಿಸುವುದೆಂದರೆ ಮೂವರ ಕೆಲಸ. ಆರಕ್ಕೆ, ಆರು ಕಾಲಿಗೆ, ಆರೂವರೆಗೆ ಟೈಲರಮ್ಮ ಮೂರು ಕಂತಿನಲ್ಲಿ ಎಬ್ಬಿಸುತ್ತಿದ್ದಳು. ಲಿಫ್ಟಪ್ಪ ಬೂಟಿಗೆ ಪಾಲಿಶ್ ಹಾಕುತ್ತಿದ್ದ. ಅಜ್ಜಿ ನೀರಿನ ಬಾಟ್ಲಿ ತುಂಬುತ್ತಿದ್ದಳು. ಟೈಲರಮ್ಮ ವೇಳಾಪಟ್ಟಿ ನೋಡಿ ಚೀಲಕ್ಕೆ ಪುಸ್ತಕ ಹಾಕಿ, ತಲೆ ಬಾಚಿ, ಎರಡು ಜಡೆ ಹೆಣೆದು, ಬೇಯಿಸಿದ ಮೊಟ್ಟೆಯ ಸಿಪ್ಪೆ ಸುಲಿದು ಬಾಯಿಗಿಡುತ್ತಿದ್ದಳು. ಮುದ್ದು ಅಗಿಯುವ ಕೆಲಸವೊಂದನ್ನು ತಾನೇ ಮಾಡುತ್ತಿದ್ದಳು.

ಇದೆಲ್ಲ ನಡೆಯುವಾಗ ಪೆನ್ಸಿಲ್ ಎದ್ದು, ಸ್ನಾನ ಮುಗಿಸಿ, ತನ್ನ ಬಟ್ಟೆಗೆ ತಾನೇ ಇಸ್ತ್ರಿ ಹಾಕಿ, ಮೊಟ್ಟೆ ಬೇಯಿಸಿಕೊಂಡು, ಹೋಗುವ ದಾರಿಯಲ್ಲಿ ಕಸದ ಚೀಲ ಹಾಕಿ, ಬಸ್ಸಿನ ನಿಲ್ದಾಣದಲ್ಲಿ ನಿಂತಿರುತ್ತಿದ್ದಳು. ಯಾರೂ ಹೇಳಿದ್ದಲ್ಲ. ಬಂದ ಮೊದಲ ವಾರ ಯಾರೂ ಎಬ್ಬಿಸಿರಲಿಲ್ಲ, ಎರಡು ದಿನ ಬಸ್ಸು ತಪ್ಪಿತ್ತು. ಮೂರನೇ ದಿನದಿಂದ ತಪ್ಪಲಿಲ್ಲ.

ನರ್ಸು ವಾರಕ್ಕೊಮ್ಮೆ ಫೋನು ಮಾಡುತ್ತಿದ್ದಳು. "ಅತ್ತಿಗೆ, ನನ್ನ ಮಗಳು ತೊಂದರೆ ಕೊಡ್ತಿಲ್ಲ ತಾನೇ?"

"ಛೆ ಛೆ. ಅವಳು ಮನೇಲಿ ಇದಾಳೆ ಅಂತಾನೇ ಗೊತ್ತಾಗಲ್ಲ," ಎನ್ನುತ್ತಿದ್ದಳು ಟೈಲರಮ್ಮ. ಒಳ್ಳೆಯ ಮಾತೆಂದೇ ಹೇಳುತ್ತಿದ್ದಳು. ಫೋನು ಇಟ್ಟ ಮೇಲೆ ಗಂಡನಿಗೆ, "ನಿಮ್ಮ ತಂಗಿ ಕೇಳಿದ ರೀತಿ ನೋಡಿದ್ರಾ? 'ನಿನ್ನ ಮಗಳು ಎಷ್ಟು ತಗೊಂಡ್ಳು' ಅಂತ ಬಾಯಿಬಿಟ್ಟು ಕೇಳಲಿಲ್ಲ. ಕೇಳದೆ ಇರೋದೇ ಜಂಬ."

"ಕೇಳಿದ್ರೆ?"

"ಕೇಳಿದ್ರೆ ಇನ್ನೂ ಜಂಬ."

ಎರಡನೆಯ ವಾರ ಮುದ್ದು ಪೆನ್ಸಿಲ್ಲಿನ ಗುಟ್ಟು ಹುಡುಕಲು ಶುರುಮಾಡಿದಳು. ಗುಟ್ಟು ಇರಲೇಬೇಕು. ಒಂದೇ ಮನೆ, ಒಂದೇ ಮೊಟ್ಟೆ, ಒಂದೇ ಬಸ್ಸು, ಅವಳಿಗೆ ಮಾತ್ರ ತೊಂಬತ್ತೊಂದು ಹೇಗೆ?

"ಅವಳ ಹಣೆಬರಹ ಚೆನ್ನಾಗಿದೆ, ಅಷ್ಟೇ," ಎಂದಳು ಒಂದು ಸಂಜೆ ಊಟಕ್ಕೆ ಕೂತಾಗ. "ಅವಳು ಓದಿದ್ದೇ ಬರುತ್ತೆ. ನಾನು ಓದಿದ್ದು ಬರಲ್ಲ."

"ನೀನು ಯಾವುದು ಓದಿದ್ದೆ?" ಅಜ್ಜಿ ಕೇಳಿದಳು.

"ಅದೇ, ಬರದೇ ಇರೋದು."

ಲಿಫ್ಟಪ್ಪ ಸಮಾಧಾನಕ್ಕೆ ತನ್ನ ಕೆಲಸದ ಕಥೆ ತೆಗೆದ. "ನಾನು ನೋಡ್ಕೊಳ್ಳೋ ಆ ಹನ್ನೊಂದು ಮಹಡಿ ಕಟ್ಟಡದ ಲಿಫ್ಟಲ್ಲಿ 'ಬಾಗಿಲು ಮುಚ್ಚು' ಅಂತ ಒಂದು ಗುಂಡಿ ಇದೆ. ಅದರ ತಂತಿ ಕಿತ್ತು ನಾಲ್ಕು ವರ್ಷ ಆಯ್ತು. ಬಾಗಿಲು ತಾನಾಗೇ ಮುಚ್ಚುತ್ತೆ. ಆದ್ರೂ ಜನ ಒತ್ತೋದೇ ಒತ್ತೋದು. ಮುಚ್ಚಿದ ಮೇಲೆ, ಹೆಂಗೆ ನಾನು, ಅನ್ನೋ ಥರ ಮುಖ ಮಾಡ್ತಾರೆ."

"ಅದೇ ಅಪ್ಪ!" ಮುದ್ದು ಮೇಜು ಬಡಿದಳು. "ಓದೋದು ಅಂದ್ರೆ ಆ ಗುಂಡಿ. ತಂತೀನೇ ಇಲ್ಲ. ಸುಮ್ನೆ ಒತ್ತಿಸ್ತಾರೆ."

ಪೆನ್ಸಿಲ್ ಅನ್ನಕ್ಕೆ ಬೇಳೆ ಕಲಸುತ್ತಿದ್ದವಳು ನಿಲ್ಲಿಸಿದಳು. "ಮಾವ, ಮಹಡಿ ಗುಂಡಿಗಳಿಗೆ ತಂತಿ ಇದೆಯಾ?"

"ಅದಕ್ಕಿದೆ."

"ಅದನ್ನ ಯಾರೂ ಒತ್ತದೇ ಇದ್ರೆ?"

"ಬಾಗಿಲು ಮುಚ್ಚಿಕೊಂಡು ಅಲ್ಲೇ ನಿಂತಿರುತ್ತೆ."

"ಹೂಂ," ಎಂದು ಪೆನ್ಸಿಲ್ ಮತ್ತೆ ಕಲಸತೊಡಗಿದಳು.

ಆ 'ಹೂಂ' ಮುದ್ದುವನ್ನು ಎರಡು ದಿನ ನಿದ್ದೆಗೆಡಿಸಿತು. ಮೂರನೆಯ ದಿನ, ಪೆನ್ಸಿಲ್ ಅಂಗಡಿಗೆ ಹೋಗಿದ್ದಾಗ, ಅವಳ ಚೀಲ ತೆಗೆದು ತಡಕಿದಳು. ತಳದಲ್ಲಿ ಒಂದು ಪುಟ್ಟ ನೋಟ್‌ಪುಸ್ತಕ ಸಿಕ್ಕಿತು. ಮೇಲೆ ಬರೆದಿತ್ತು: 'ಹೋದ ಅಂಕಗಳು'.

ಸಂಜೆ ಊಟಕ್ಕೆ ಎಲ್ಲರೂ ಕೂತಾಗ ಮುದ್ದು ಕುರ್ಚಿಯ ಮೇಲೆ ನಿಂತಳು. ಅಜ್ಜಿಯ ರಕ್ತ ಎಲ್ಲಿ ಹೋದೀತು, ಜುಟ್ಟಿಗೊಂದು ಚಮಚ ಸಿಕ್ಕಿಸಿಕೊಂಡು ಪೆನ್ಸಿಲ್ಲಿನ ತೆಳ್ಳನೆಯ ದನಿಯನ್ನು ಅಚ್ಚೊತ್ತಿದ ಹಾಗೆ ಎತ್ತಿದಳು.

"'ನಾಲ್ಕನೇ ಲೆಕ್ಕ. ಪ್ರಶ್ನೆ ಪೂರ್ತಿ ಓದಲಿಲ್ಲ. ಎರಡು ಅಂಕ.' 'ಏಳನೇ ಲೆಕ್ಕ. ಗೊತ್ತಿದೆ ಅಂದುಕೊಂಡಿದ್ದೆ, ಗೊತ್ತಿರಲಿಲ್ಲ. ನಾಲ್ಕು ಅಂಕ.'"

ಲಿಫ್ಟಪ್ಪನಿಗೆ ನಗು ತಡೆಯಲಾಗಲಿಲ್ಲ. ಅಜ್ಜಿ, "ದನಿ ಸರಿ, ಕತ್ತು ಸ್ವಲ್ಪ ವಾಲಿಸು," ಎಂದು ತಿದ್ದಿದಳು. ಟೈಲರಮ್ಮನ ಮುಖದಲ್ಲಿ ಎರಡು ವಾರದಲ್ಲಿ ಮೊದಲ ಬಾರಿಗೆ ಗೆಲುವು. ಪೆನ್ಸಿಲ್ ಮಾತ್ರ ತಟ್ಟೆ ನೋಡುತ್ತಿದ್ದಳು. ಮುದ್ದು ಪುಟ ತಿರುಗಿಸಿದಳು.

"'ಒಂಬತ್ತನೇ ಲೆಕ್ಕ. ಅತ್ತೆ ಅಕ್ಕನಿಗೆ ತಲೆ ಬಾಚುವುದನ್ನು ನೆನೆಸಿಕೊಂಡು ಕೂತೆ. ಮೂರು ಅಂಕ.'"

ನಗು ಅಲ್ಲಿಗೇ ನಿಂತಿತು. ಮುದ್ದುವಿನ ಜುಟ್ಟಿನಿಂದ ಚಮಚ ಜಾರಿ ನೆಲಕ್ಕೆ ಬಿತ್ತು.

ಪೆನ್ಸಿಲ್ ಎದ್ದು, ಪುಸ್ತಕ ತೆಗೆದುಕೊಂಡು, ಚಮಚವನ್ನೂ ಎತ್ತಿ ತೊಳೆದಿಟ್ಟು, ಕೋಣೆಗೆ ಹೋದಳು.

"ಇಳಿಯೇ ಕೆಳಗೆ," ಎಂದ ಲಿಫ್ಟಪ್ಪ.

ಬೇರೆ ಯಾರ ಮನೆಯಲ್ಲಾದರೂ ಮರುದಿನ ಆ ಹುಡುಗಿಯ ತಲೆಗೊಂದು ಬಾಚಣಿಗೆ ಬೀಳುತ್ತಿತ್ತೇನೋ. ಟೈಲರಮ್ಮನ ತಲೆಗೆ ಹೊಳೆದದ್ದು ಇನ್ನೊಂದು. ಗುಟ್ಟು ಆ ಪುಸ್ತಕದಲ್ಲಿದೆ! ನಾದಿನಿಯ ಮಗಳ ಹತ್ತಿರ ಪುಸ್ತಕವಿದ್ದರೆ ತನ್ನ ಮಗಳ ಹತ್ತಿರ ಅದಕ್ಕಿಂತ ದೊಡ್ಡದಿರಬೇಕು. ಮರುದಿನ ಮಧ್ಯಾಹ್ನ, ಹತ್ತು ಜೊತೆ ಸಮವಸ್ತ್ರ ಬದಿಗಿಟ್ಟು, ಇನ್ನೂರು ಪುಟದ ನೋಟ್‌ಪುಸ್ತಕಕ್ಕೆ ನೀಲಿ ಸ್ಯಾಟಿನ್ ಬಟ್ಟೆಯ ಹೊದಿಕೆ ಹೊಲಿದಳು. ಅಂಚಿಗೆ ಲೇಸು. ಗುರುತಿಗೆ ರಿಬ್ಬನ್ನು. ಮೇಲೆ ದಾರದಲ್ಲಿ 'ಹೋದ ಅಂಕಗಳು' ಎಂದು ಕಸೂತಿ.

"ಬರಿ ಮುದ್ದು," ಎಂದು ಕೊಟ್ಟಳು. "ಎಂಬತ್ತೊಂದು ಅಂಕ ಹೋಗಿದೆ. ಒಂದೊಂದಕ್ಕೂ ಕಾರಣ ಬರಿ."

"ಎಂಬತ್ತೊಂದಾ? ಕೈ ನೋವು."

"ಸರಿ, ನೀನು ಹೇಳು, ನಾನು ಬರೀತೀನಿ."

ಮುದ್ದು ಎರಡು ದಿನ ಹೇಳಿದಳು. ಆಮೇಲೆ ಬೇಸರವಾಗಿ ಹೇಳುವುದನ್ನೂ ಬಿಟ್ಟಳು. ಟೈಲರಮ್ಮ ಬಿಡಲಿಲ್ಲ. ಮಿಷನ್ನಿನ ಪಕ್ಕ ಪ್ರಶ್ನೆಪತ್ರಿಕೆ ಇಟ್ಟುಕೊಂಡು, ಒಂದು ತೋಳು ಹೊಲಿದಾಗೊಮ್ಮೆ ಒಂದು ಕಾರಣ ಬರೆದಳು. ಲೆಕ್ಕಗಳನ್ನೂ ಬಿಡಿಸಿದಳು. ಮೂರನೇ ವಾರದ ಕೊನೆಗೆ ಪುಸ್ತಕ ನಲವತ್ತು ಪುಟ ತುಂಬಿತ್ತು, ಟೈಲರಮ್ಮನಿಗೆ ಸಮೀಕರಣಗಳು ಕರತಲಾಮಲಕವಾಗಿದ್ದವು, ಮತ್ತು ಪಕ್ಕದ ಬೀದಿಯ ಹುಡುಗನೊಬ್ಬನ ಪ್ಯಾಂಟಿಗೆ ಎರಡೂ ಕಾಲು ಎಡದ್ದೇ ಆಗಿದ್ದವು.

ನಾಲ್ಕನೇ ವಾರದ ಮೊದಲ ದಿನ ಮೇಡಂ ತರಗತಿಯಲ್ಲಿ ಒಂದು ಸಣ್ಣ ಪರೀಕ್ಷೆ ಮಾಡಿದ್ದರು. ಇಪ್ಪತ್ತಕ್ಕೆ ಮೂರು. ಮುದ್ದು ಮನೆಗೆ ಬಂದು ಚೀಲ ಎಸೆದು, ಸೋಫಾದ ಮೇಲೆ ಬಿದ್ದು, ಕೈಗೆ ಸಿಕ್ಕಿದ ನೀಲಿ ಪುಸ್ತಕ ತೆರೆದಳು. ಕೊಟ್ಟ ಮೇಲೆ ಅವಳು ಅದನ್ನು ತೆರೆದದ್ದು ಅದೇ ಮೊದಲು.

'ಒಂದನೇ ಲೆಕ್ಕ. ಬಿಸಿಲು. ಎರಡನೇ ಲೆಕ್ಕ. ಮೇಡಂ ಈ ಪಾಠ ಸರಿಯಾಗಿ ಮಾಡಲಿಲ್ಲ. ಮೂರನೇ ಲೆಕ್ಕ. ಫ್ಯಾನಿನ ಶಬ್ದ. ನಾಲ್ಕನೇ ಲೆಕ್ಕ. ಹಿಂದಿನ ಬೆಂಚಿನ ಹುಡುಗಿ ಕೆಮ್ಮು. ಐದನೇ ಲೆಕ್ಕ. ಪೆನ್ನು. ಆರನೇ ಲೆಕ್ಕ. ಹಿಂದಿನ ದಿನ ಅತ್ತೆ ಟಿವಿ ಜೋರಾಗಿ ಹಾಕಿದ್ದರು.'

ಮುದ್ದು ಪುಟ ತಿರುಗಿಸುತ್ತ ಹೋದಳು. ಇಪ್ಪತ್ತನೇ ಪುಟದ ಹೊತ್ತಿಗೆ ಎದ್ದು ಕೂತಳು. ಮೂವತ್ತನೆಯದರಲ್ಲಿ ನಿಂತಳು.

"ಅಮ್ಮಾ."

"ಏನು ಬಂಗಾರ? ಹಾಲು ಬೇಕಾ?"

"ಇದರಲ್ಲಿ ಎಲ್ಲರೂ ಇದಾರೆ. ಮೇಡಂ ಇದಾರೆ, ಅಜ್ಜಿ ಇದಾರೆ, ಫ್ಯಾನ್ ಇದೆ. ನಾನೆಲ್ಲಿ?"

"ನಿನ್ನ ಮೇಲೆ ಯಾಕೆ ಹಾಕ್ಲಿ? ನಿನ್ನದೇನು ತಪ್ಪು?"

"ಪರೀಕ್ಷೆ ಬರೆದಿದ್ದು ಫ್ಯಾನಾ?"

"ಅಯ್ಯೋ, ನಿನಗೆ ಬೇಜಾರಾಗ್ಬಾರ್ದು ಅಂತ..."

"ಅವಳ ಪುಸ್ತಕದಲ್ಲಿ ಒಂದೊಂದು ಸಾಲಲ್ಲೂ ಅವಳೇ ಇದಾಳೆ. ನನ್ನ ಪುಸ್ತಕ ಲೇಸು ಹಾಕಿ ಹೊಲಿದಿದ್ದೀಯ, ನನ್ನನ್ನ ಮಾತ್ರ ಒಳಗೆ ಬಿಟ್ಟಿಲ್ಲ!"

"ಎಷ್ಟು ಕಷ್ಟಪಟ್ಟು ಹೊಲಿದೆ ನಾನು..."

"ಅದೇ ಹೇಳ್ತಿರೋದು. ಕಷ್ಟಪಟ್ಟಿದ್ದು ನೀನು!"

ಟೈಲರಮ್ಮ ಕತ್ತರಿ ಮೇಜಿನ ಮೇಲಿಟ್ಟಳು. "ನೋಡ್ರೀ ನಿಮ್ಮ ಮಗಳನ್ನ. ಆ ಹುಡುಗಿ ಇವಳ ಬಾಯಿಗೆ ಮಾತು ತುಂಬ್ತಿದಾಳೆ."

"ಯಾರೂ ತುಂಬಿಲ್ಲ," ಎಂದಳು ಮುದ್ದು. "ನಾಳೆಯಿಂದ ನನ್ನ ಎಬ್ಬಿಸಬೇಡ."

ಮರುದಿನ ಟೈಲರಮ್ಮ ಎಬ್ಬಿಸಲಿಲ್ಲ. ಮುದ್ದು ಎಂಟೂವರೆಗೆ ಎದ್ದಳು. ಬಸ್ಸು ಹೋಗಿತ್ತು. ಎರಡು ಬೇರೆಬೇರೆ ಕಾಲುಚೀಲ ಹಾಕಿಕೊಂಡು ನಡೆದು ಹೋಗಿ, ಶಾಲೆಯ ಗೇಟಿನ ಹೊರಗೆ ಒಂದು ಗಂಟೆ ನಿಂತು, ಗಣಿತದ ಬದಲು ಭೂಗೋಳದ ಪುಸ್ತಕ ತೆಗೆದುಕೊಂಡು ಹೋಗಿದ್ದಕ್ಕೆ ಬೈಸಿಕೊಂಡು ಬಂದಳು.

"ಆಯ್ತಾ?" ಎಂದಳು ಟೈಲರಮ್ಮ. ದನಿಯಲ್ಲಿ ನೋವಿಗಿಂತ ಸಂತೋಷವೇ ತುಸು ಹೆಚ್ಚಿತ್ತು. "ನಾನಿಲ್ಲದೆ ಆಗುತ್ತಾ?"

"ಹನ್ನೊಂದು ಗಂಟೆಗೆ ಮಲಗಿದ್ದೆ. ಅದಕ್ಕೆ ಏಳೋಕಾಗಲಿಲ್ಲ," ಎಂದಳು ಮುದ್ದು.

ಅಜ್ಜಿ ಬಾಯಿಗೆ ಕೈ ಅಡ್ಡ ಹಿಡಿದಳು. ಆ ಮನೆಯಲ್ಲಿ ಮುದ್ದುವಿನ ಬಾಯಿಂದ 'ಅದಕ್ಕೆ' ಎಂಬ ಪದದ ಹಿಂದೆ ಮುದ್ದುವೇ ಬಂದದ್ದು ಅದೇ ಮೊದಲು.

ಎರಡನೆಯ ದಿನವೂ ಬಸ್ಸು ತಪ್ಪಿತು. ಮೂರನೆಯ ದಿನ ಸಿಕ್ಕಿತು. ಟೈಲರಮ್ಮ ಬಾಚಣಿಗೆ ಹಿಡಿದು ಬಾಗಿಲಲ್ಲಿ ನಿಂತೇ ಇದ್ದಳು, ಮುದ್ದು ಸೊಟ್ಟ ಬೈತಲೆ ತೆಗೆದ ಒಂದೇ ಜಡೆಯಲ್ಲಿ ಮುಂದೆ ಹಾದು ಹೋದಳು. ಅಂದು ಮಧ್ಯಾಹ್ನ ಟೈಲರಮ್ಮ ಅತ್ತೆಯ ಹತ್ತಿರ ಅತ್ತಳು. "ನನ್ನ ಮಗಳು ನನ್ನ ಕೈಯಿಂದ ಮೊಟ್ಟೇನೂ ತಿನ್ನಲಿಲ್ಲ. ಅವಳನ್ನ ನೋಡಿ ಕಲಿತಿದ್ದು. ನಾನು ಹೆತ್ತೆ, ಇವಳು ಆ ಪೆನ್ಸಿಲ್ ಹತ್ರ ಹೋಗ್ತಾಳೆ."

"ಹೋಗಿಲ್ಲ ಕಣಮ್ಮ. ಅವರಿಬ್ಬರೂ ಮಾತೇ ಆಡ್ತಿಲ್ಲ."

ಅದು ನಿಜ. ಚಮಚದ ಸಂಜೆಯಿಂದ ಇಬ್ಬರಿಗೂ ಮಾತಿರಲಿಲ್ಲ. ಆದರೆ ಐದನೆಯ ವಾರ ಶೇಕಡಾವಾರು ಲೆಕ್ಕಗಳು ಮುದ್ದುವಿನ ಕುತ್ತಿಗೆಗೆ ಬಂದವು. ಅಮ್ಮನನ್ನು ಕೇಳಿದರೆ ಅಮ್ಮ ಪೂರ್ತಿ ಬಿಡಿಸಿಯೇ ಕೊಡುತ್ತಾಳೆ. ಹಾಗಾಗಿ ಬಟಾಣಿ ಸುಲಿಯುವ ಮೇಜಿಗೆ ಮೂವರೂ ಕೂತಾಗ ಮುದ್ದು ಗೋಡೆಗೆ ಹೇಳಿದಳು: "ಅಜ್ಜಿ, ಅವಳನ್ನ ಕೇಳು. ಹತ್ತು ಪರ್ಸೆಂಟ್ ಏರಿಸಿ ಹತ್ತು ಪರ್ಸೆಂಟ್ ಇಳಿಸಿದ್ರೆ ಯಾಕೆ ಮೊದಲಿನಷ್ಟೇ ಬರಲ್ಲ ಅಂತೆ?"

ಅಜ್ಜಿ ಮುದ್ದುವಿನ ಮೂಗುದನಿಯನ್ನು ಹಾಗೇ ಎತ್ತಿ ಪೆನ್ಸಿಲ್ ಕಡೆ ತಿರುಗಿದಳು. "'ಹತ್ತು ಏರಿಸಿ ಹತ್ತು ಇಳಿಸಿದ್ರೆ ಯಾಕೆ ಬರಲ್ಲ?' ಅಂತ ಕೇಳ್ತಿದಾಳೆ ದೊರೆಸಾನಿ."

"ನೂರಕ್ಕೆ ಏರಿಸಿ ನೋಡೋಕೆ ಹೇಳಿ ಅಜ್ಜಿ. ಆಮೇಲೆ ಇಳಿಸೋವಾಗ ಯಾವುದರ ಮೇಲೆ ಇಳಿಸ್ತಾ ಇದೀನಿ ಅಂತ ನೋಡ್ಕೊಳ್ಳೋಕೆ ಹೇಳಿ. ಉತ್ತರ ನಾನು ಹೇಳಲ್ಲ."

ಅಜ್ಜಿ ತೆಳ್ಳನೆಯ ದನಿಯಲ್ಲಿ ಇತ್ತ ತಿರುಗಿದಳು. "'ಉತ್ತರ ನಾನು ಹೇಳಲ್ಲ' ಅಂತೆ."

"ಹೇಳಿ ಅಂತ ಯಾರು ಕೇಳಿದ್ರು ಅನ್ನು!"

"'ಯಾರು ಕೇಳಿದ್ರು?'"

"ಕೇಳಿದ್ರಲ್ಲ, ಅನ್ನಿ ಅಜ್ಜಿ."

"ನನಗೆ ಯಾವ ಬಾಯಲ್ಲಿ ಮಾತಾಡ್ಬೇಕೋ ಗೊತ್ತಾಗ್ತಿಲ್ಲ," ಎಂದು ಅಜ್ಜಿ ಸ್ವಂತ ದನಿಗೆ ಬಂದಳು. "ಬಟಾಣಿ ಸುಲೀರೇ ಇಬ್ಬರೂ."

ಮುದ್ದು ಬಟಾಣಿಯ ಸಿಪ್ಪೆಯ ಮೇಲೆ ಉಗುರಿನಿಂದ ಬರೆದು ನೋಡಿದಳು. ನೂರ ಹತ್ತು. ನೂರ ಹತ್ತರ ಮೇಲೆ ಹತ್ತು. ಹನ್ನೊಂದು. ತೊಂಬತ್ತೊಂಬತ್ತು. "ಓ," ಎಂದಳು. ಯಾರಿಗೂ ಹೇಳಿದ್ದಲ್ಲ.

ಮರುಪರೀಕ್ಷೆ ಆಯಿತು. ಒಂಬತ್ತು ದಿನದ ನಂತರ, ಎಂಟನೇ ತರಗತಿಯ ತಿಂಗಳ ಪರೀಕ್ಷೆಯ ಅಂಕಪಟ್ಟಿ ಕೊಟ್ಟ ದಿನವೇ ಮರುಪರೀಕ್ಷೆಯ ಫಲಿತಾಂಶವೂ ಬಂತು.

ಮುದ್ದು ಬಾಗಿಲಲ್ಲೇ ನಿಂತು ಹೇಳಿದಳು. "ಮೂವತ್ತೆಂಟು."

ಮನೆಯೆದ್ದು ಕುಣಿಯಿತು. ಟೈಲರಮ್ಮ ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು. "ನಂಗೊತ್ತಿತ್ತು! ನಾನು ಬಿಡಿಸಿಟ್ಟ ಲೆಕ್ಕಗಳೇ ಬಂದಿರ್ಬೇಕು. ಆರು ವಾರ ದಿನಾ ಮೊಟ್ಟೆ ಬೇಯಿಸಿದ್ದು ಯಾರು?"

"ಮೇಡಂ ಒಳ್ಳೆಯವರು ಕಣೇ," ಎಂದ ಲಿಫ್ಟಪ್ಪ. "ಕೈ ಬಿಡಲಿಲ್ಲ. ನಾನು ಆವತ್ತು ಹೋಗಿ ನಮಸ್ಕಾರ ಮಾಡಿ ಬಂದಿದ್ದು ಸಾರ್ಥಕ ಆಯ್ತು. ಮೇಜಿಗೆ ಹೊಸ ದೀಪ ಹಾಕಿಕೊಟ್ಟಿದ್ದೂ ನಾನೇ."

"ಆರು ವಾರ ಟಿವಿ ಮುಟ್ಟಿಲ್ಲ ನಾನು," ಎಂದಳು ಅಜ್ಜಿ. "ಒಂದು ನಾಲ್ಕು ಅಂಕ ನನ್ನ ಹೆಸರಿಗೆ ಬರ್ಕೊಳ್ಳಿ."

"ಅದೃಷ್ಟಾನೂ ಇತ್ತು ಬಿಡಿ," ಎಂದಳು ಟೈಲರಮ್ಮ. "ಪೇಪರು ಸುಲಭ ಇತ್ತಂತೆ."

ಮುದ್ದುವಿನ ಮುಖ ಕೆಂಪಾಯಿತು. ಚೀಲ ನೆಲಕ್ಕೆ ಬಿತ್ತು.

"ಪೇಪರ್ ಸುಲಭ ಇರಲಿಲ್ಲ! ಹತ್ತೊಂಬತ್ತು ಬಂದಾಗ ಒಬ್ಬರೂ ನನ್ನ ಹೆಸರು ಹೇಳಲಿಲ್ಲ. ಈಗಲೂ ಹೇಳ್ತಿಲ್ಲ. ಮೊಟ್ಟೆ, ದೀಪ, ಟಿವಿ! ಕೋಳಿಗೆ ಕೊಡಿ ಹಾಗಾದ್ರೆ ಅಂಕಪಟ್ಟಿ. ಕೇಳಿ ಎಲ್ಲರೂ. ಮೂವತ್ತೆಂಟೂ ನಂದೇ. ಹೋದ ಅರವತ್ತೆರಡೂ ನಂದೇ. ಯಾರಿಗೂ ಒಂದೂ ಕೊಡಲ್ಲ!"

"ನಾವು ಕೇಳಿದ್ದೇನಮ್ಮ ಈಗ..." ಎಂದು ಲಿಫ್ಟಪ್ಪ ಶುರುಮಾಡುವುದರೊಳಗೆ ಮುದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಳು.

ಕೋಣೆಯಲ್ಲಿ ಪೆನ್ಸಿಲ್ ಮಂಚದ ಅಂಚಿನಲ್ಲಿ ಕೂತು ಒಣಗಿದ ಬಟ್ಟೆ ಮಡಿಸುತ್ತಿದ್ದಳು.

"ನಿನಗೂ ಪಾಲು ಬೇಕಾ?" ಎಂದಳು ಮುದ್ದು. ಐದು ವಾರದಲ್ಲಿ ಅಜ್ಜಿಯ ಬಾಯಿಲ್ಲದೆ ಆಡಿದ ಮೊದಲ ಮಾತು. "ಆ ಹತ್ತು ಪರ್ಸೆಂಟಿಂದು ಬಂದಿತ್ತು. ಐದು ಅಂಕ. ಕೇಳು, ಕೇಳು."

"ನಂಗೆ ಬೇಡ."

"ಮತ್ಯಾಕೆ ಮುಖ ಹಾಗೆ ಮಾಡಿದೀಯ? ನಾನು ನಿನ್ನ ಕ್ಲಾಸಿಗೆ ಬರ್ಲಿಲ್ಲ ಅಂತ ಬೇಜಾರಾ?"

ಪೆನ್ಸಿಲ್ ಒಂದು ಅಂಗಿಯ ತೋಳನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು.

"ನಂಗೆ ಈ ಸಲ ತೊಂಬತ್ತಾರು ಬಂದಿದೆ ಅಕ್ಕ," ಎಂದಳು. "ಅದರಲ್ಲಿ ಪಾಲು ಕೊಡು ಅಂತ ಇಲ್ಲಿವರೆಗೂ ಯಾರೂ ಕೇಳಿಲ್ಲ."

ಹೊರಗೆ ಇನ್ನೂ ಪಾಲಿನ ಜಗಳ ನಡೆದಿತ್ತು. ದೀಪ ದೊಡ್ಡದೋ ಮೊಟ್ಟೆ ದೊಡ್ಡದೋ ಎಂದು ಗಂಡಹೆಂಡತಿ ವಾದಿಸುತ್ತಿದ್ದರು.

ಮುದ್ದು ಕೈ ಚಾಚಿದಳು. "ಎಲ್ಲಿ, ಕೊಡು."

ಅಂಕಪಟ್ಟಿಯಲ್ಲಿ ತೊಂಬತ್ತಾರೇ ಇತ್ತು. ಮುದ್ದುವಿನ ಹೊಟ್ಟೆ ಅಭ್ಯಾಸದಂತೆ ಉರಿಯಿತು. ಪುಟ ತಿರುಗಿಸಿದಳು. ಹಿಂದೆ ಪೋಷಕರ ಸಹಿಯ ಸಾಲುಗಳು. ತಿಂಗಳಿಗೊಂದರಂತೆ ಐದು ಸಹಿ. ಅಪ್ಪನ ಸಹಿಯಂತೆಯೇ ಕೊನೆಗೆ ಒಂದು ಬಾಲ, ಬಾಲಕ್ಕೆ ಒಂದು ಸುತ್ತು. ಆದರೆ ಅಪ್ಪನ ಬಾಲ ಇಷ್ಟು ನೀಟಾಗಿ ಎಂದೂ ಸುತ್ತಿಕೊಂಡದ್ದಿಲ್ಲ.

"ಇದು ಅಪ್ಪ ಹಾಕಿದ್ದಲ್ಲ."

"ಅಲ್ಲ."

"ಯಾರು ಹಾಕಿದ್ದು?"

"ನಾನೇ," ಎಂದಳು ಪೆನ್ಸಿಲ್. "ಮೊದಲನೇ ಸಲ ಮೂರು ದಿನ ಮೇಜಿನ ಮೇಲೆ ಇಟ್ಟಿದ್ದೆ. ಅದರ ಮೇಲೆ ಪಾತ್ರೆ ಇಟ್ಟಿದ್ರು. ಆಮೇಲೆ ಕೇಳಲಿಲ್ಲ. ತಪ್ಪು ನಂದೇ, ಕೇಳ್ಬೇಕಿತ್ತು."

ಆ ತಪ್ಪು ಪೆನ್ಸಿಲ್ಲಿನದಲ್ಲವೆಂದು ಮುದ್ದುವಿಗೆ ಖಂಡಿತ ಗೊತ್ತಿತ್ತು. ಬಾಗಿಲು ತೆರೆದು, ಇರುವಷ್ಟೂ ಗಂಟಲಿನಲ್ಲಿ ಕೂಗಿದಳು.

"ಅಪ್ಪಾ! ಪೆನ್ನು ತಗೊಂಡು ಬಾ! ನಿನ್ನ ಸಹೀನ ನಿನಗಿಂತ ಚೆನ್ನಾಗಿ ಹಾಕೋರು ಇಲ್ಲೊಬ್ಬರಿದಾರೆ!"

ಲಿಫ್ಟಪ್ಪ ಬಂದ. ಕಾಗದ ನೋಡಿದ. ಐದು ಸಹಿಗಳನ್ನೂ ಬೆರಳಿಟ್ಟು ಎಣಿಸಿದ. ಜೇಬು ತಡಕಿದ, ಪೆನ್ನು ಜೇಬಿನಲ್ಲೇ ಇದ್ದರೂ ಬಹಳ ಹೊತ್ತು ಸಿಗಲಿಲ್ಲ. ಆರನೆಯ ಸಾಲಿನಲ್ಲಿ ಸಹಿ ಹಾಕಿದ. ಬಾಲ ಸೊಟ್ಟಗಾಯಿತು.

ಅವನ ಹಿಂದೆ ಟೈಲರಮ್ಮ ಬಂದು ಕಾಗದ ಕಿತ್ತುಕೊಂಡಳು. ಅಂಕ ನೋಡಿದಳು, ಸಹಿಗಳನ್ನು ನೋಡಿದಳು, ಹುಡುಗಿಯನ್ನು ನೋಡಿದಳು. ಅವಳಿಗೆ ಕ್ಷಮೆ ಕೇಳುವ ಅಭ್ಯಾಸವಿರಲಿಲ್ಲ. ಗೊತ್ತಿದ್ದದ್ದು ಒಂದೇ ದಾರಿ.

"ತೊಂಬತ್ತಾರಾ?" ಎಂದು ಗದರಿದಳು. "ತೊಂಬತ್ತಾರು ಸುಮ್ನೆ ಬರುತ್ತಾ? ನಮ್ಮನೆ ಅನ್ನ ತಿಂದು ಬಂದಿದ್ದು. ಅದರಲ್ಲಿ ನನ್ನ ಪಾಲು ಎಷ್ಟಿದೆ ಗೊತ್ತಾ ನಿನಗೆ? ಇಪ್ಪತ್ತು ನಂದು. ಕಮ್ಮಿ ಅಂದ್ರೆ ಇಪ್ಪತ್ತು!"

"ನಂದು ಹತ್ತು," ಎಂದಳು ಅಜ್ಜಿ ಹಿಂದಿನಿಂದ, ಯಾರ ದನಿಯೂ ಅಲ್ಲದ ದನಿಯಲ್ಲಿ.

"ಇಪ್ಪತ್ತೈದು ತಗೊಳ್ಳಿ ಅತ್ತೆ," ಎಂದಳು ಪೆನ್ಸಿಲ್. ಎಂದವಳಿಗೆ ನಗು ಬಂತು, ನಗುವಿನ ಹಿಂದೆಯೇ ಅಳು ಬಂತು, ಎರಡನ್ನೂ ತಡೆಯಲು ಕೈಯಲ್ಲಿದ್ದ ಅಂಗಿಯಿಂದ ಮುಖ ಮುಚ್ಚಿಕೊಂಡಳು.

"ಒಗೆದ ಬಟ್ಟೆಗೆ ಮೂಗು ಒರೆಸ್ತಿದೀಯಲ್ಲೇ," ಎಂದು ಟೈಲರಮ್ಮ ಅವಳ ಪಕ್ಕ ಮಂಚದ ಮೇಲೆ ಕೂತು, ಜುಟ್ಟಿನಿಂದ ಪೆನ್ಸಿಲ್ ಎಳೆದು ತೆಗೆದು, ಕೂದಲು ಬಿಚ್ಚಿ, ಸಿಕ್ಕು ಬಿಡಿಸಲು ಶುರುಮಾಡಿದಳು. "ಏನು ತಲೆಯೋ ಇದು, ಹಕ್ಕಿ ಗೂಡು. ಅಲ್ಲಾಡ್ಬೇಡ."

ಮುದ್ದು ಬಾಗಿಲಿಗೆ ಒರಗಿ ನಿಂತು ನೋಡಿದಳು. ಅಮ್ಮನ ಬೆರಳು ಇನ್ನೊಬ್ಬರ ಕೂದಲಿನಲ್ಲಿ ಎಷ್ಟು ಮೆತ್ತಗೆ ಓಡಾಡುತ್ತಿತ್ತು! ತನಗೆ ಬಾಚುವಾಗ ಇಷ್ಟು ಮೆತ್ತಗಿತ್ತೇ? ಎರಡು ನಿಮಿಷ ತಡೆದಳು. ಮೂರನೆಯ ನಿಮಿಷ ತಡೆಯಲಾಗಲಿಲ್ಲ.

"ಜಾಸ್ತಿ ಹೊತ್ತು ಬಾಚಬೇಡ ಅಮ್ಮ," ಎಂದಳು. "ಅವಳಿಗೆ ಅಭ್ಯಾಸ ಆಗಿಬಿಡುತ್ತೆ."